ಒಟ್ಟಾವಾದ ನಲವತ್ತು ಸ್ಪೀಕರ್‌ಗಳು: ಬೆಂಚಿನ ಮೇಲೆ ಕೂರಬೇಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮ್ಯೂಸಿಯಂ ಸುತ್ತುವ ಪೈಕಿ ಅಲ್ಲ. ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬೇಗ ಮುಂದೆ ಹೋದರೆ ಮಗಳು ಒಂಥರಾ ನೋಡುತ್ತಾಳೆ. ನಿಂತರೆ ಮಂಡಿ ನೋಯುತ್ತದೆ. ಆದರೂ ಈ ಚಳಿಗಾಲದಲ್ಲಿ ಕೆನಡಾದ ಒಟ್ಟಾವಾದಲ್ಲಿರುವ ನ್ಯಾಷನಲ್ ಗ್ಯಾಲರಿಯ ಒಂದೇ ಒಂದು ಕೋಣೆಗೆ ಮೂರು ಸಲ ಹೋಗಿ ಬಂದೆ. ಅಲ್ಲಿ ನೋಡೋಕೆ ಅಂತ ಹೆಚ್ಚೇನೂ ಇಟ್ಟಿಲ್ಲ. ಸ್ಟ್ಯಾಂಡಿನ ಮೇಲೆ ಕಪ್ಪು ಸ್ಪೀಕರ್‌ಗಳು ನಿಂತಿವೆ, ಅಷ್ಟೇ. ಎಣಿಸಿದರೆ ನಲವತ್ತು.

ನನ್ನ ಬಗ್ಗೆ ಎರಡು ಮಾತು. ಶಿವಮೊಗ್ಗದಲ್ಲಿ ನಮ್ಮದೊಂದು ಭಜನಾ ಮಂಡಳಿ ಇದೆ. ಅದರಲ್ಲಿ 22 ವರ್ಷದಿಂದ ಹಾಡುತ್ತಿದ್ದೇನೆ. ಮೊದಮೊದಲು ಹಿಂದಿನ ಸಾಲು, ಈಗ ಹಾರ್ಮೋನಿಯಂ ಪಕ್ಕ. ಮಗಳು ಇರುವುದು ಒಟ್ಟಾವಾದ ಹೊರವಲಯದ ಕನಾಟಾದಲ್ಲಿ. ಆ ಹೆಸರಿನ ಬೋರ್ಡನ್ನು ಮೊದಲ ಸಲ ನೋಡಿದಾಗ, ಕರ್ನಾಟಕದಲ್ಲಿ ಒಂದೆರಡು ಅಕ್ಷರ ಉದುರಿಹೋಗಿವೆ ಅಂದುಕೊಂಡಿದ್ದೆ. ಆರು ತಿಂಗಳಿಗೆ ಅಂತ ಬಂದವಳು. ಹೊರಗೆ ಮೈನಸ್ ಇಪ್ಪತ್ತು. ಮೊಮ್ಮಗ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ಅಮ್ಮಾ, ನಿನಗೆ ಹಾಡು ಇಷ್ಟ ಅಲ್ವಾ, ಇದನ್ನ ಕೇಳು" ಅಂತ ಮಗಳು ಒಂದು ಬೆಳಗ್ಗೆ ಫೋನಿನಲ್ಲಿ ಏನೋ ಹಾಕಿಕೊಟ್ಟು ಕೆಲಸಕ್ಕೆ ಹೋದಳು.

ಹಾಡಿನ ಹೆಸರು ಸ್ಪೆಮ್ ಇನ್ ಆಲಿಯಂ. ಬರೆದವರು ಥಾಮಸ್ ಟ್ಯಾಲಿಸ್, ಇಂಗ್ಲೆಂಡಿನ ಆಸ್ಥಾನದ ಸಂಗೀತಗಾರ. ಕಾಲ ಸುಮಾರು 1570. ವಾದ್ಯ ಇಲ್ಲ, ಬರೀ ಕಂಠ. ನಲವತ್ತು ದನಿ, ನಲವತ್ತಕ್ಕೂ ಬೇರೆ ಬೇರೆ ಸಾಲು.

ಮೊದಲ ಸಲ ನನಗೆ ಕೇಳಿಸಿದ್ದು ಜೇನುಗೂಡಿಗೆ ಕಲ್ಲು ಹೊಡೆದ ಹಾಗಿನ ಸದ್ದು. ಆಮೇಲೆ ಇಯರ್‌ಫೋನ್ ಹಾಕಿಕೊಂಡೆ. ಅದು ಊರಲ್ಲಿ ಹೊರಡುವ ಮುಂಚೆ ಒಂದು ಅಂಗಡಿಯಲ್ಲಿ ತಗೊಂಡಿದ್ದು. ಒಂದು ವರ್ಷ ಗ್ಯಾರಂಟಿ ಅಂದಿದ್ದ, ಎರಡೇ ವಾರಕ್ಕೆ ಎಡಗಿವಿಯದು ಸತ್ತುಹೋಗಿತ್ತು. ಹಾಡಿನಲ್ಲಿ ದೊಡ್ಡ ದೊಡ್ಡ ತೂತು. ಒಂದಷ್ಟು ಜನ ಹಾಡುತ್ತಾರೆ, ಇದ್ದಕ್ಕಿದ್ದ ಹಾಗೆ ದೂರ ಹೋಗಿಬಿಡುತ್ತಾರೆ, ಮತ್ತೆ ಎಲ್ಲಿಂದಲೋ ಬರುತ್ತಾರೆ. ಪಾಪ, ಹಳೇ ಕಾಲದ ಹಾಡು, ಅರ್ಧ ಕಳೆದುಹೋಗಿರಬೇಕು ಅಂದುಕೊಂಡೆ. ಸಂಜೆ ಮಗಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟ್ಯಾಲಿಸ್ ನಲವತ್ತು ಜನರನ್ನು ಐದೈದರಂತೆ ಎಂಟು ಗುಂಪು ಮಾಡಿದ್ದಾರೆ. ರೆಕಾರ್ಡಿಂಗಿನಲ್ಲಿ ಕೆಲವು ಗುಂಪು ಎಡಕ್ಕೆ, ಕೆಲವು ಬಲಕ್ಕೆ. ನನ್ನ ಒಂದೇ ಕಿವಿಗೆ ಅರ್ಧ ಊರು ಕಾಣೆಯಾಗಿತ್ತು.

ಆ ಕೆಟ್ಟ ಇಯರ್‌ಫೋನಿಗೆ ಒಂದು ನಮಸ್ಕಾರ ಹಾಕಬೇಕು. ಯಾರು ಎಲ್ಲಿ ನಿಂತಿದ್ದಾರೆ ಅನ್ನೋದೇ ಈ ಹಾಡಿನ ಅರ್ಧ ವಿಷಯ ಅಂತ ನನಗೆ ಕಲಿಸಿದ್ದು ಅದು.

ನಮ್ಮ ಮಂಡಳಿಯಲ್ಲಿ 18 ಜನ ಒಂದೇ ಸಾಲು ಹಾಡುತ್ತೇವೆ. ಒಬ್ಬರು ಶ್ರುತಿ ತಪ್ಪಿದರೆ ಉಳಿದ 17 ಜನ ಮುಚ್ಚಿಹಾಕುತ್ತೇವೆ. ಆರಾಧನೆಯಲ್ಲಿ ನೂರು ಜನ ಕೂತು ಹಾಡಿದರೂ ಸಾಲು ಒಂದೇ. ನಲವತ್ತು ಜನ ನಲವತ್ತು ಹಾಡುವುದು ಹೇಗೆ, ಕೇಳುವವರು ಯಾರನ್ನು ಹಿಡಿದುಕೊಂಡು ಹೋಗಬೇಕು, ಇದು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ನ್ಯಾಷನಲ್ ಗ್ಯಾಲರಿಯಲ್ಲಿ ಇದೇ ಹಾಡನ್ನು ನಲವತ್ತು ಸ್ಪೀಕರಿನಲ್ಲಿ ಹಾಕಿದ್ದಾರೆ, "ಹಾಗಾದ್ರೆ ಅದರ ಒಳಗೆ ಹೋಗಿ ನೋಡು" ಅಂದಳು ಮಗಳು. ಗುರುವಾರ ಸಂಜೆ 5ರಿಂದ 8ರವರೆಗೆ ಗ್ಯಾಲರಿಗೆ ಟಿಕೆಟ್ ಇರಲಿಲ್ಲ. ಗೇಟಿನ ಹತ್ತಿರ ಇಳಿಸಿ, ಎರಡು ಗಂಟೆ ಬಿಟ್ಟು ಬರ್ತೀನಿ ಅಂತ ಹೋದಳು.

ಬಾಗಿಲ ಮುಂದೆ ಮೂವತ್ತು ಅಡಿ ಎತ್ತರದ ಕಂಚಿನ ಜೇಡ ಇದೆ. ಲೂಯೀಸ್ ಬೂರ್ಜ್ವಾ ಮಾಡಿದ್ದು. ಹೆಸರು ಮಮಾನ್, ಅಂದರೆ ಅಮ್ಮ. ಹೊಟ್ಟೆಯೊಳಗೆ ಅಮೃತಶಿಲೆಯ ಮೊಟ್ಟೆಗಳಿವೆ. ಅದರ ಕಾಲ ಕೆಳಗೆ ಹಿಮದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳೋಕೆ ನನಗೆ ಧೈರ್ಯ ಬರಲಿಲ್ಲ. ಒಳಗೆ ಹೋದರೆ ಉದ್ದದ ಏರುದಾರಿ. ಮೆಟ್ಟಿಲಿಲ್ಲ, ನನ್ನಂಥವರಿಗೆ ಅನುಕೂಲ. ಗಾಜಿನಾಚೆ ಪಾರ್ಲಿಮೆಂಟು, ಹೆಪ್ಪುಗಟ್ಟಿದ ನದಿ. ಇದನ್ನೆಲ್ಲ ಬೇರೆಯವರು ಚೆನ್ನಾಗಿ ಬರೆದಿರುತ್ತಾರೆ, ನಾನು ಕೋಣೆಗೆ ಹೋಗುತ್ತೇನೆ.

ಅದು ಕೋಣೆ ಅಲ್ಲ, ಒಂದು ಚರ್ಚಿನ ಒಳಭಾಗ. ರಿಡೋ ಚಾಪೆಲ್ ಅನ್ನುತ್ತಾರೆ. ಇದೇ ಊರಿನ ರಿಡೋ ಬೀದಿಯಲ್ಲಿ ಸಿಸ್ಟರ್‌ಗಳ ಕಾನ್ವೆಂಟ್ ಇತ್ತು. ಅದರೊಳಗಿನ ಪ್ರಾರ್ಥನಾ ಮಂದಿರ ಇದು, ಕಟ್ಟಿದ್ದು 1887-88ರಲ್ಲಿ. 1972ರಲ್ಲಿ ಕಾನ್ವೆಂಟನ್ನು ಕೆಡವಿದರು. ಒಳಗಿನ ಮರ, ಕಂಬ, ಚಾವಣಿಯನ್ನು ಮಾತ್ರ ಸಾವಿರಕ್ಕೂ ಹೆಚ್ಚು ತುಂಡು ಮಾಡಿ ಎತ್ತಿಟ್ಟರು. 1988ರಲ್ಲಿ ಗ್ಯಾಲರಿಯ ಈ ಹೊಸ ಕಟ್ಟಡ ತೆರೆದಾಗ ಅದರ ಹೊಟ್ಟೆಯೊಳಗೆ ಮತ್ತೆ ಜೋಡಿಸಿದ್ದರು. ನಮ್ಮಲ್ಲಿ ಹಳೇ ತೊಟ್ಟಿಮನೆಯ ಕಂಬಗಳನ್ನು ನಂಬರು ಹಾಕಿ ಲಾರಿಯಲ್ಲಿ ಸಾಗಿಸುತ್ತಾರಲ್ಲ, ಹಾಗೆ. ತೆಳ್ಳಗಿನ ಕಬ್ಬಿಣದ ಕಂಬ, ಮೇಲೆ ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಮಾನು. ಇಂಥ ಚಾವಣಿ ಟ್ಯಾಲಿಸ್ ಕಾಲದ ಇಂಗ್ಲೆಂಡಿನ ಫ್ಯಾಷನ್ನು. ಮುನ್ನೂರು ವರ್ಷ ಬಿಟ್ಟು ಕೆನಡಾದಲ್ಲಿ ಅದನ್ನು ನೋಡಿ ಮಾಡಿದ್ದಾರೆ. ಹಾಡಿಗೆ ಅದರ ಕಾಲದ ಮನೆಯೇ ಸಿಕ್ಕಿದೆ ಅನ್ನಿ. ನಕಲಿ ಮನೆ ಆದರೂ ಪರವಾಗಿಲ್ಲ.

ನಲವತ್ತು ಸ್ಪೀಕರ್ ಇಟ್ಟ ಕಲಾವಿದೆ ಜಾನೆಟ್ ಕಾರ್ಡಿಫ್, ಕೆನಡಾದವರು. ಮಾಡಿದ್ದು 2001ರಲ್ಲಿ. ಇಂಗ್ಲೆಂಡಿನ ಸಾಲಿಸ್‌ಬರಿ ಕ್ಯಾಥೆಡ್ರಲ್ಲಿನ ಗಾಯಕರಿಂದ ಹಾಡಿಸಿ, ಒಂದೊಂದು ದನಿಯನ್ನೂ ಬೇರೆ ಬೇರೆ ಮೈಕಿನಲ್ಲಿ ಹಿಡಿದಿದ್ದಾರೆ. ಒಂದು ದನಿಗೆ ಒಂದು ಸ್ಪೀಕರ್. ಅದೂ ನಿಂತ ಮನುಷ್ಯರ ಮುಖದ ಎತ್ತರಕ್ಕೆ. ಮೊಟ್ಟೆಯಾಕಾರದಲ್ಲಿ ಸುತ್ತ ನಿಲ್ಲಿಸಿ, ಎಲ್ಲದರ ಮುಖವನ್ನೂ ಒಳಕ್ಕೆ ತಿರುಗಿಸಿದ್ದಾರೆ. ನಾವು ಮಧ್ಯದಲ್ಲಿ. ಒಂದು ಸುತ್ತು 14 ನಿಮಿಷ. ಅದರಲ್ಲಿ ಹಾಡು 11 ನಿಮಿಷ. ಉಳಿದ ಮೂರು ನಿಮಿಷ ಏನು ಅನ್ನೋದು ಆಮೇಲೆ ಹೇಳುತ್ತೇನೆ, ಅದೇ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು.

ಮೊದಲ ಸುತ್ತು ನಾನೂ ಎಲ್ಲರ ಹಾಗೆ ನಡುವಿನ ಬೆಂಚಿನ ಮೇಲೆ ಕೂತೆ. ಕಣ್ಣು ಮುಚ್ಚಿಕೊಂಡೆ, ಎಲ್ಲರೂ ಮುಚ್ಚಿಕೊಂಡಿದ್ದರು. ದೊಡ್ಡದಾಗಿತ್ತು, ಚೆನ್ನಾಗಿತ್ತು, ಮೈ ಜುಮ್ಮೆಂದಿತು. ಪಕ್ಕದಲ್ಲಿ ಕೂತಿದ್ದ ಒಬ್ಬ ಗಂಡಸು ಅಳುತ್ತಿದ್ದ. ಆದರೂ ನನಗೆ ಸಮಾಧಾನ ಆಗಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆ, ಜಾಗಟೆ, ನಗಾರಿ ಒಟ್ಟಿಗೆ ಬಡಿದಾಗಲೂ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಟ್ಯಾಲಿಸ್ ಯಾಕೆ ಬೇಕು?

ಎರಡನೇ ಸುತ್ತಿಗೆ ಎದ್ದು ನಡೆದೆ. ಆಗ ಗೊತ್ತಾಯಿತು.

ಹಾಡು ಮೊದಲನೇ ಗುಂಪಿನ ಒಂದು ದನಿಯಿಂದ ಶುರುವಾಗುತ್ತದೆ. ಅದು ಹೇಳಿದ್ದನ್ನೇ ಸ್ವಲ್ಪ ತಡವಾಗಿ ಇನ್ನೊಂದು ಹೇಳುತ್ತದೆ. ಆಮೇಲೆ ಮತ್ತೊಂದು. ಐದೂ ಸೇರಿದ ಮೇಲೆ ಎರಡನೇ ಗುಂಪು ಎತ್ತಿಕೊಳ್ಳುತ್ತದೆ. ಹೊಸ ಗುಂಪು ಬಂದ ಹಾಗೆ ಹಳೆಯದು ಮೆಲ್ಲಗೆ ಬಿಡುತ್ತದೆ. ಹೀಗೆ ಹಾಡು ಸುತ್ತಲೂ ಸಾಗುತ್ತದೆ, ಉತ್ಸವಮೂರ್ತಿ ರಥಬೀದಿಯಲ್ಲಿ ಮನೆಮನೆ ಮುಂದೆ ನಿಂತು ಹೋದ ಹಾಗೆ. ಅವಸರ ಇಲ್ಲ. ನನ್ನ ಮಂಡಿಯ ವೇಗಕ್ಕೂ ಅದರ ವೇಗಕ್ಕೂ ಸರಿಹೋಯಿತು. ನಾನು ಹಾಡಿನ ಜೊತೆ ನಡೆದುಕೊಂಡು ಎಂಟನೇ ಗುಂಪಿನವರೆಗೆ ಬಂದೆ. ಅಲ್ಲಿಗೆ ಬಂದು ಉಸಿರು ಬಿಡುವಷ್ಟರಲ್ಲಿ ಎಲ್ಲ ಕಡೆಯಿಂದ ನಲವತ್ತೂ ದನಿ ಒಟ್ಟಿಗೆ ಎದ್ದವು. ಸ್ವರಪ್ರತಿಯಲ್ಲಿ ಅದು ನಲವತ್ತನೇ ಬಾರ್ ಅಂತ ಮಗಳು ಆಮೇಲೆ ಹುಡುಕಿ ತೋರಿಸಿದಳು. ಬಾರ್ ಅಂದರೆ ನಮ್ಮ ಆವರ್ತದ ಹಾಗೆ, ಹಾಡನ್ನು ಅಳೆಯುವ ಒಂದು ತುಂಡು. ನಲವತ್ತು ದನಿಗೆ ನಲವತ್ತನೇ ಬಾರ್. ಮುದುಕ ತಮಾಷೆಯವನೇ!

ಇನ್ನೂ ಇದೆ. ಆಮೇಲೆ ಹಾಡು ಹಿಂದಕ್ಕೆ ತಿರುಗುತ್ತದೆ, ಎಂಟರಿಂದ ಒಂದರ ಕಡೆಗೆ. ನನಗೆ ಅದು ಗೊತ್ತಿರಲಿಲ್ಲ. ಹಳೇ ದಿಕ್ಕಿನಲ್ಲೇ ಮುಂದೆ ಹೋಗಿ, ಖಾಲಿ ಸ್ಪೀಕರ್‌ಗಳ ಮುಂದೆ ಪೆಚ್ಚಾಗಿ ನಿಂತೆ. ಮೆರವಣಿಗೆ ಬೇರೆ ಬೀದಿಗೆ ತಿರುಗಿದ ಮೇಲೆ ಹಣ್ಣುಕಾಯಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾದವರ ಹಾಗೆ. ಕೊನೆಕೊನೆಗೆ ಗುಂಪುಗಳು ಎದುರು ಬದುರಾಗಿ ಮಾತಾಡಿಕೊಳ್ಳುತ್ತವೆ. ಈ ಕಡೆಯವರು ಒಂದು ಮಾತು, ಆ ಕಡೆಯವರು ಇನ್ನೊಂದು. ನೀವು ನಡುವೆ ನಿಂತಿದ್ದರೆ ತಲೆಯ ಮೇಲೆ ಚೆಂಡು ಎಸೆದಾಡಿದ ಹಾಗೆ. ಸ್ಪೀಕರಿನ ಪಕ್ಕವೇ ನಿಂತಿದ್ದರೆ, ನೀವೂ ಆಡುವವರಲ್ಲಿ ಒಬ್ಬರು.

ಇನ್ನು ಸ್ಪೀಕರಿಗೆ ಕಿವಿ ಹತ್ತಿರ ಹಿಡಿಯುವ ವಿಷಯ. ಒಂದೊಂದರ ಮುಂದೆ ನಿಂತು ಕೇಳಿದರೆ ಒಬ್ಬೊಬ್ಬರ ಸಾಲು ಅಂಥದ್ದೇನಲ್ಲ. ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ ಗೊತ್ತಿಲ್ಲ. ನಾಲ್ಕು ಸ್ವರ, ಸುಮ್ಮನಿರುವುದು. ಎರಡು ಸ್ವರ, ಮತ್ತೆ ಸುಮ್ಮನಿರುವುದು. ಮನೆಗೆ ಹೋಗಿ ಗುನುಗೋಣ ಅಂದರೆ ಗುನುಗುವಂಥದ್ದು ಸಿಗುವುದಿಲ್ಲ. ಒಂದು ಹೆಜ್ಜೆ ಹಿಂದೆ ಬಂದರೆ ಐದು ದನಿಯ ಪುಟ್ಟ ಹಾಡು ಕೇಳುತ್ತದೆ, ಅದು ಚಂದ. ಐದು ಹೆಜ್ಜೆ ಹಿಂದೆ ಬಂದರೆ ಕೌದಿ. ತುಂಡು ಬಟ್ಟೆಗೆ ಬೆಲೆ ಇಲ್ಲ, ಹೊಲಿದ ಮೇಲೆ ಇದೆ. ಬೆಂಚಿನ ಮೇಲೆ ಕೂತವರು ಕೌದಿ ಹೊದ್ದುಕೊಳ್ಳುತ್ತಾರೆ, ಹೊಲಿಗೆ ನೋಡುವುದಿಲ್ಲ. ಅದಕ್ಕೇ ಹೇಳಿದ್ದು, ಕೂರಬೇಡಿ ಅಂತ.

ನನ್ನ ಕಿವಿಗೆ ಸಿಕ್ಕ ಒಂದು ವಿಷಯ, ಹಾಡುವವರಿಗೆ ಮಾತ್ರ. ಅವರ ಮುಖ್ಯ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡು ಕೇಳಿ. ಬಹಳ ಹೊತ್ತು ಹರಿಕಾಂಭೋಜಿ ರಾಗದ ಹಾಗೆ ಕೈಶಿಕಿ ನಿಷಾದದಲ್ಲಿ, ಅಂದರೆ ತಗ್ಗಿನ ನಿಷಾದದಲ್ಲಿ ಓಡಾಡುತ್ತಾರೆ. ಮುಕ್ತಾಯ ಹತ್ತಿರ ಬಂದಾಗ ಕಾಕಲಿ ನಿಷಾದ, ಅಂದರೆ ಎತ್ತರದ ನಿಷಾದ ಹಿಡಿದು ಷಡ್ಜಕ್ಕೆ ಏರುತ್ತಾರೆ. ನಮ್ಮ ಖಮಾಚಿನಲ್ಲೂ ಎರಡು ನಿಷಾದ ಬರುತ್ತದೆ. ಆದರೆ ಒಬ್ಬರೇ ಹಾಡುವುದರಿಂದ ಒಂದಾದ ಮೇಲೆ ಒಂದು ಬರುತ್ತದೆ. ಇಲ್ಲಿ ನಲವತ್ತು ಜನ. ಒಂದು ಕಡೆಯವರು ಏರುವ ನಿಷಾದದಲ್ಲಿರುವಾಗಲೇ ಇನ್ನೊಂದು ಕಡೆಯವರು ಇಳಿಯುವ ನಿಷಾದದಲ್ಲಿರುತ್ತಾರೆ. ಒಂದು ಕ್ಷಣ ಹಲ್ಲಿಗೆ ಹುಣಸೆಹಣ್ಣು ತಾಕಿದ ಹಾಗೆ ಜುಂ ಅನ್ನುತ್ತದೆ. ನಮ್ಮ ಮಂಡಳಿಯಲ್ಲಿ ಹೀಗಾದರೆ ಹಾರ್ಮೋನಿಯಂ ನಿಲ್ಲಿಸಿ ಯಾರು ಅಂತ ಕೇಳುತ್ತೇವೆ. ಆ ಕಾಲದ ಇಂಗ್ಲೆಂಡಿನವರಿಗೆ ಅದು ರುಚಿ. ಮೂರನೇ ಭೇಟಿಯ ಹೊತ್ತಿಗೆ ನನಗೂ ಬಾಯಲ್ಲಿ ನೀರೂರುತ್ತಿತ್ತು.

ತಾಳ ಹಾಕೋಕೆ ಹೋಗಬೇಡಿ. ನಾನು ತೊಡೆ ತಟ್ಟಿಕೊಂಡು ಮೂರು ಸಲ ಸೋತೆ.

ಈಗ ಹಾಡಿನ ಮಾತು. ಲ್ಯಾಟಿನ್. ಬೈಬಲ್ಲಿನ ಜೂಡಿತ್ ಕಥೆಯ ಮೇಲಿನ ಹಳೆಯ ಪ್ರಾರ್ಥನೆ. ಮಗಳು ಇಂಗ್ಲಿಷಿನಲ್ಲಿ ಓದಿ ಹೇಳಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ: ನಿನ್ನನ್ನು ಬಿಟ್ಟು ಇನ್ನೊಬ್ಬರಲ್ಲಿ ನಾನು ಯಾವತ್ತೂ ಭರವಸೆ ಇಟ್ಟವನಲ್ಲ, ಇಸ್ರೇಲಿನ ದೇವರೇ. ಸಿಟ್ಟು ಮಾಡುವವನೂ ನೀನೇ, ಕರುಣೆ ತೋರುವವನೂ ನೀನೇ. ಕಷ್ಟದಲ್ಲಿರುವವರ ಪಾಪ ಕಳೆಯುವವನು ನೀನು. ಆಕಾಶ ಭೂಮಿ ಮಾಡಿದವನೇ, ನಮ್ಮ ಸಣ್ಣತನದ ಕಡೆ ಒಂದು ಸಲ ನೋಡು. ಇಷ್ಟೇ. ದಾಸರ ಪದ ಹಾಡಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಅನ್ನಿಸುವುದಿಲ್ಲ. ಅನ್ಯರನ್ನು ನಂಬಲಿಲ್ಲ, ನೀನೇ ಗತಿ.

ಕೊನೆಯ ಮಾತು ಬರುವ ಮುಂಚೆ ನಲವತ್ತೂ ದನಿ ನಿಲ್ಲುತ್ತವೆ. ಪೂರ್ತಿ ನಿಶ್ಶಬ್ದ. ನಲವತ್ತು ಸ್ಪೀಕರಿನ ನಿಶ್ಶಬ್ದ ಬೇರೆ ಥರ ಇರುತ್ತದೆ. ಯಾರದೋ ಜಾಕೆಟ್ಟಿನ ಜಿಪ್ಪು ಕೇಳಿಸಿತು. ಆಮೇಲೆ "ರೆಸ್ಪೀಚೆ" ಅಂತ ಎಲ್ಲರೂ ಒಟ್ಟಿಗೆ. ರೆಸ್ಪೀಚೆ ಅಂದರೆ ನೋಡು. ಅಷ್ಟು ಹೊತ್ತು ಸಾಲು ಸಾಲಾಗಿ ಬಂದವರು, ಎದುರು ಬದುರು ಮಾತಾಡಿದವರು, ಈಗ ಯಾರೂ ಯಾರಿಗೂ ಕಾಯದೆ ಒಟ್ಟಿಗೆ ಕೇಳುತ್ತಾರೆ. ನಮ್ಮನ್ನು ನೋಡು ಅಂತ. ಅಲ್ಲಿ ನನಗೂ ಕಣ್ಣು ತುಂಬಿತು. ಬೆಂಚಿನ ಗಂಡಸಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಟ್ಯಾಲಿಸ್ ಬಗ್ಗೆ ಗೋಡೆಯ ಮೇಲಿನ ಬರಹದಲ್ಲಿ ಎಷ್ಟಿತ್ತೋ ಓದಿದೆ. ಉಳಿದದ್ದನ್ನು ಮಗಳು ಹುಡುಕಿ ಹೇಳಿದಳು. ಹುಟ್ಟಿದ್ದು ಸುಮಾರು 1505, ತೀರಿಕೊಂಡಿದ್ದು 1585. ನಾಲ್ಕು ಜನರ ಆಸ್ಥಾನ ನೋಡಿದವರು: ಎಂಟನೇ ಹೆನ್ರಿ, ಅವನ ಮಗ ಎಡ್ವರ್ಡ್, ಮಗಳು ಮೇರಿ, ಇನ್ನೊಬ್ಬ ಮಗಳು ಎಲಿಜಬೆತ್. ಅಪ್ಪ ರೋಮಿನ ಪೋಪ್ ಜೊತೆ ಕೆಡಿಸಿಕೊಂಡ. ಮಗ ಲ್ಯಾಟಿನ್ ಬೇಡ, ಇಂಗ್ಲಿಷಿನಲ್ಲೇ ಪೂಜೆ ಆಗಲಿ ಅಂದ. ಮೇರಿ ಬಂದು ಮತ್ತೆ ಲ್ಯಾಟಿನ್, ಮತ್ತೆ ಪೋಪ್. ಎಲಿಜಬೆತ್ ಬಂದು ಮತ್ತೆ ಇಂಗ್ಲಿಷ್. ತಪ್ಪು ಕಡೆ ನಿಂತವರ ತಲೆ ಹೋಗುತ್ತಿದ್ದ ಕಾಲ. ಟ್ಯಾಲಿಸ್ ಮೊದಲು ಕೆಲಸದಲ್ಲಿದ್ದ ಮಠಗಳನ್ನೇ ಹೆನ್ರಿ ಮುಚ್ಚಿಸಿದ. ಆದರೂ 40 ವರ್ಷಕ್ಕೂ ಹೆಚ್ಚು ಅರಮನೆಯ ಕೆಲಸ ಬಿಡಲಿಲ್ಲ, ತಲೆಯೂ ಹೋಗಲಿಲ್ಲ. ಯಾರು ಬಂದರೂ ಅವರಿಗೆ ಬೇಕಾದ ಭಾಷೆಯಲ್ಲಿ ಬರೆದುಕೊಟ್ಟರು. ಇದನ್ನು ಜಾಣತನ ಅನ್ನಿ, ಹೆದರಿಕೆ ಅನ್ನಿ. 30 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ, ಪ್ರತಿ ಸಲ ಸರ್ಕಾರ ಬದಲಾದಾಗ ಹೊಸ ಸುತ್ತೋಲೆಗೆ ಸಹಿ ಹಾಕಿದವಳು ನಾನು. ಅವರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಈ ಹಾಡು ಹುಟ್ಟಿದ್ದರ ಬಗ್ಗೆ ಒಂದು ಕಥೆ ಇದೆ. 1611ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ ಬರೆದಿಟ್ಟಿದ್ದು. ಇಟಲಿಯಿಂದ 30 ದನಿಯ ಒಂದು ಹಾಡು ಇಂಗ್ಲೆಂಡಿಗೆ ಬಂತಂತೆ. ಅದನ್ನು ಕೇಳಿದ ಒಬ್ಬ ಡ್ಯೂಕ್, ನಮ್ಮವರಲ್ಲಿ ಯಾರಿಗೂ ಇಂಥದ್ದು ಬರೆಯೋಕೆ ಬರಲ್ವಾ ಅಂದನಂತೆ. ಟ್ಯಾಲಿಸ್ 40 ದನಿಯದು ಬರೆದರು. ಅರಂಡೆಲ್ ಹೌಸ್ ಅನ್ನುವ ಮನೆಯ ಉದ್ದನೆಯ ಮೊಗಸಾಲೆಯಲ್ಲಿ ಹಾಡಿಸಿದರು. ಡ್ಯೂಕ್ ತನ್ನ ಕೊರಳಿನ ಚಿನ್ನದ ಸರ ತೆಗೆದು ಟ್ಯಾಲಿಸ್ ಕೊರಳಿಗೆ ಹಾಕಿದನಂತೆ. ನಮ್ಮ ಮೈಸೂರು ಆಸ್ಥಾನದಲ್ಲಿ ವಿದ್ವಾಂಸರಿಗೆ ತೋಡ ತೊಡಿಸಿದ ಹಾಗೆಯೇ. ಇಟಲಿಯಲ್ಲಿ ಮೆಡಿಚಿ ಮನೆತನದ ಆಸ್ಥಾನದಲ್ಲಿ ಸ್ಟ್ರಿಜ್ಜೋ ಅಂತ ಒಬ್ಬರಿದ್ದರು. ಅವರೂ 40 ದನಿಗೆ ಬರೆದಿದ್ದಾರೆ. 1567ರಲ್ಲಿ ಅವರು ಲಂಡನ್ನಿಗೆ ಬಂದಿದ್ದಂತೂ ನಿಜ. ಹಾಗಾಗಿ ಕಥೆಗೆ ಒಂದಷ್ಟು ಕಾಲು ಇದೆ. ಚಿನ್ನದ ಸರದ ಮಟ್ಟಿಗೆ, ವಿದ್ಯಾರ್ಥಿ ಬರೆದದ್ದು ಹಾಡು ಬಂದು 40 ವರ್ಷ ಆದ ಮೇಲೆ. ಬಾಯಿಂದ ಬಾಯಿಗೆ ಬರುವಾಗ ಸರದ ತೂಕ ಜಾಸ್ತಿ ಆಗಿರುತ್ತದೆ.

ನನಗೆ ಆ ಮೊಗಸಾಲೆಯ ವಿಷಯ ಮುಖ್ಯ. ಇದು ವೇದಿಕೆ ಮೇಲೆ ಸಾಲಾಗಿ ನಿಂತು ಎದುರಿಗೆ ಕೂತವರಿಗೆ ಹಾಡುವ ಹಾಡು ಅಲ್ಲ ಅಂತ ನನ್ನ ಅನಿಸಿಕೆ. ಗುಂಪು ಗುಂಪಾಗಿ ಸುತ್ತ ನಿಂತು, ಕೇಳುವವರನ್ನು ಒಳಗೆ ಬಿಟ್ಟುಕೊಂಡು ಹಾಡಬೇಕು. ಇಲ್ಲದಿದ್ದರೆ ಒಂದರಿಂದ ಎಂಟಕ್ಕೆ, ಎಂಟರಿಂದ ಒಂದಕ್ಕೆ ಅಷ್ಟು ಕಷ್ಟಪಟ್ಟು ಯಾಕೆ ಸಾಗಿಸಬೇಕಿತ್ತು? ಮಗಳು ಟ್ಯಾಲಿಸ್ ಸ್ಕಾಲರ್ಸ್ ತಂಡದ 1985ರ ರೆಕಾರ್ಡಿಂಗ್ ಹಾಕಿ, ಹೊಸ ಇಯರ್‌ಫೋನೂ ಕೊಡಿಸಿದಳು. ಹಾಡುವುದು ತುಂಬಾ ಚೊಕ್ಕ. ಗ್ಯಾಲರಿಯ ಹಾಡಿಗಿಂತ ಶ್ರುತಿಶುದ್ಧ ಅಂತಲೇ ಹೇಳುತ್ತೇನೆ. ಆದರೆ ಎಡ, ಬಲ ಎರಡೇ ದಿಕ್ಕು. ಬೆನ್ನ ಹಿಂದೆ ಯಾರೂ ಇಲ್ಲ.

ಈಗ ಆ ಮೂರು ನಿಮಿಷ. ಹಾಡು ಮುಗಿದ ಮೇಲೆ ರೆಕಾರ್ಡರ್ ನಿಲ್ಲಿಸಿಲ್ಲ. ಹಾಡುವವರು ಸುಮ್ನೆ ನಿಂತು ಮಾತಾಡಿಕೊಂಡಿರುವುದು ಹಾಗೇ ಇದೆ. ಕೆಮ್ಮು. ಗಂಟಲು ಸರಿಮಾಡಿಕೊಳ್ಳುವುದು. ಹಾಳೆ ಮಗುಚುವುದು. ಮಕ್ಕಳು ಗುಸುಗುಸು ಅನ್ನುವುದು. ಒಂದು ಸ್ವರ ಹಿಡಿದು ನೋಡಿ ಬಿಡುವುದು. ಬೆಂಚಿನ ಮೇಲಿನ ಜನ ಈ ಹೊತ್ತಿಗೆ ಎದ್ದು ಹೋಗಿಬಿಡುತ್ತಾರೆ, ಮುಗಿಯಿತು ಅಂದುಕೊಂಡು. ಹೋಗಬೇಡಿ. ಒಂದೊಂದು ಸ್ಪೀಕರಿಗೂ ಕಿವಿ ಕೊಡಿ. ಇದು ಪಕ್ಕಾ ನಮ್ಮ ಮಂಡಳಿ. ಶ್ರುತಿ ಪೆಟ್ಟಿಗೆ ಹಾಕುವ ಮುಂಚೆ ಒಬ್ಬರು ಸೊಸೆಯ ಸುದ್ದಿ, ಒಬ್ಬರು ಕನ್ನಡಕ ಹುಡುಕುವುದು, ಒಬ್ಬರು ಚೀಲದಿಂದ ಕಲ್ಲುಸಕ್ಕರೆ ತೆಗೆದು ಹಂಚುವುದು. ದೇವರನ್ನು ನಲವತ್ತು ದನಿಯಲ್ಲಿ ಕರೆದವರಿಗೂ ಗಂಟಲು ಕೆರೆಯುತ್ತದೆ. ಅದನ್ನು ಅಳಿಸಿಹಾಕದೆ ಉಳಿಸಿದ್ದಕ್ಕೆ ಕಾರ್ಡಿಫ್ ಅವರಿಗೆ ನನ್ನ ಪೂರ್ತಿ ಅಂಕ.

ಆ ಮೂರು ನಿಮಿಷದಲ್ಲೇ ನನಗೆ ನನ್ನ ಸ್ಪೀಕರ್ ಸಿಕ್ಕಿದ್ದು. ಕೊನೆಯ ಗುಂಪಿನಲ್ಲಿ ಒಬ್ಬ ದಪ್ಪ ದನಿಯ ಮನುಷ್ಯ. ಹಾಡು ಶುರುವಾದ ಮೇಲೆ ಅವನ ಸರದಿ ಬರಲು ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕು. ಎಲ್ಲರೂ ಹಾಡುತ್ತಿದ್ದಾರೆ, ಅವನು ಎಣಿಸಿಕೊಂಡು ನಿಂತಿದ್ದಾನೆ. ನಾನು ಅವನ ಮುಂದೆ ನಿಂತು ಕಾದೆ. ಸ್ಪೀಕರಿನಿಂದ ಬರೀ ಗಾಳಿ. ಆಮೇಲೆ ಉಸಿರು ಎಳೆದುಕೊಂಡದ್ದು ಕೇಳಿತು. ಆಮೇಲೆ ದನಿ. 22 ವರ್ಷ ಗುಂಪಿನಲ್ಲಿ ಹಾಡಿದ್ದೇನೆ, ಪಕ್ಕದವರು ಉಸಿರು ತಗೊಳ್ಳುವುದನ್ನು ಇಷ್ಟು ಗಮನ ಕೊಟ್ಟು ಒಂದು ದಿನವೂ ಕೇಳಿರಲಿಲ್ಲ.

ಕೊರತೆ ಇಲ್ಲವೇ ಅಂದರೆ, ಇದೆ. ಮಾತು ಸ್ಪಷ್ಟ ಕೇಳುವುದಿಲ್ಲ. ಅದು ಸ್ಪೀಕರಿನ ತಪ್ಪಲ್ಲ, ಹಾಡಿನದೇ. ನಲವತ್ತು ಜನ ಬೇರೆ ಬೇರೆ ಅಕ್ಷರದಲ್ಲಿರುವಾಗ ಸಾಹಿತ್ಯ ಎಲ್ಲಿ ಕೇಳಬೇಕು. ಸಾಹಿತ್ಯಕ್ಕೆ ಪ್ರಾಣ ಬಿಡುವ ನಮ್ಮಂಥವರು ಅರ್ಥವನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಎರಡನೆಯದು, ಸತತ ಐದು ಸುತ್ತು ಕೇಳಿದರೆ ಅದೇ ಕೆಮ್ಮು ಅದೇ ಜಾಗದಲ್ಲಿ ಬರುತ್ತದೆ. ಆಗ ಇವರು ಇಲ್ಲಿಲ್ಲ, ನಾನು ಬಂದಿರುವುದು ಇವರಿಗೆ ಗೊತ್ತೇ ಇಲ್ಲ ಅಂತ ಒಂಥರಾ ಬೇಜಾರಾಗುತ್ತದೆ. ಮೂರು ಸುತ್ತು ಸಾಕು. ಮೂರನೆಯದು ಜನ. ಟಿಕೆಟ್ ಇಲ್ಲದ ಸಂಜೆ ಗದ್ದಲ ಜಾಸ್ತಿ. ಒಂದು ಸಲ ಒಬ್ಬಾಕೆ ಸರಿಯಾಗಿ ಆ ನಿಶ್ಶಬ್ದದ ಹೊತ್ತಿಗೆ ವಿಡಿಯೋ ಕಾಲಿನಲ್ಲಿ ಯಾರಿಗೋ ಚಾವಣಿ ತೋರಿಸುತ್ತಿದ್ದಳು. ದುಡ್ಡು ಹೋದರೆ ಹೋಗಲಿ, ಬೇರೆ ದಿನ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ನನ್ನ ಎರಡನೇ ಭೇಟಿ ಹಾಗಿತ್ತು. ಒಂದು ಪೂರ್ತಿ ಸುತ್ತು ನಾನು, ಕಾವಲಿನ ಹುಡುಗ, ಇಬ್ಬರೇ. ಅವನು ಮೂಲೆಯಲ್ಲಿ ನಿಂತು ತುಟಿ ಆಡಿಸುತ್ತಿದ್ದ. ದಿನಕ್ಕೆ ಎಷ್ಟು ಸಲ ಕೇಳುತ್ತಾನೋ, ಪೂರ್ತಿ ಬಾಯಿಪಾಠ ಆಗಿದೆ.

ಜಾಕೆಟ್ಟು, ಬೂಟಿನ ಹಿಮ ಎಲ್ಲ ಕೆಳಗೇ ಬಿಟ್ಟು ಹೋಗಿ. ಶೂ ಸದ್ದು ಮಾಡದಂಥದ್ದು ಹಾಕಿಕೊಳ್ಳಿ. ಕೂರಲೇಬೇಕು ಅನ್ನುವವರು ಮೊದಲ ಸುತ್ತು ಕೂತು, ಎರಡನೆಯದು ನಡೆದು, ಮೂರನೆಯದಕ್ಕೆ ಒಂದು ಸ್ಪೀಕರ್ ಆರಿಸಿಕೊಂಡು ಅದನ್ನು ಬಿಡದೆ ನಿಲ್ಲಿ. ಐದಕ್ಕೆ ನಾನು ನಾಲ್ಕೂವರೆ ಕೊಡುತ್ತೇನೆ.

ಮಂಡಳಿಯ ವಾಟ್ಸ್ಯಾಪ್ ಗುಂಪಿಗೆ ಇದನ್ನೆಲ್ಲ ಬರೆದು ಹಾಕಿದೆ. ನಮ್ಮ ತಾಳದವರಿಂದ ಉತ್ತರ ಬಂತು: "ನಮ್ಮಲ್ಲಿ ಇಬ್ಬರು ಬೇರೆ ಬೇರೆ ಹಾಡಿದ್ರೇ ಜಗಳ ಆಗುತ್ತೆ, ನೀವು ವಾಪಸ್ ಬಂದು ಇದೆಲ್ಲ ಶುರು ಮಾಡಬೇಡಿ."

ಕಡಿತವಾದ ಆ ಅರ್ಧ ಅಂಕ ಯಾಕೆ ಅಂದರೆ, ಸ್ಪೀಕರ್‌ಗಳೆಲ್ಲ ದೊಡ್ಡವರ ಎತ್ತರಕ್ಕಿವೆ. ಮೂರನೇ ಸಲ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಆರು ವರ್ಷ. ಅವನ ತಲೆಯ ಮೇಲಿಂದಲೇ ಎಲ್ಲ ಹಾದುಹೋಗುತ್ತಿತ್ತು. ಎತ್ತಿಕೊಳ್ಳಬಾರದು ಅಂತ ಡಾಕ್ಟರು ಹೇಳಿದ್ದಾರೆ, ಎತ್ತಿಕೊಂಡೆ. ನನ್ನ ದಪ್ಪ ದನಿಯವನ ಮುಂದೆಯೇ ಹಿಡಿದೆ. ಹಾಡು ಮುಗಿದು ಮಾತುಕತೆಯ ಹೊತ್ತು. ಅವನು ಕಿವಿ ಅಂಟಿಸಿಕೊಂಡು ಕೇಳಿದ, ತಟ್ಟನೆ ಹಿಂದೆ ಸರಿದು ನನ್ನ ಮುಖ ನೋಡಿದ. "ಅಜ್ಜಿ, ಒಳಗಿರೋ ಮಾಮನಿಗೆ ಶೀತ ಆಗಿದೆ" ಅಂದ.